ಬ್ರೇಕರ್ ಅಲಾರಂ ಆಫ್ ಇಡಬೇಡಿ

ಸಂಪಾದಕರೇ,

ವಿದ್ಯುತ್ ಲೈನಿನಲ್ಲಿ ಫಾಲ್ಟ್ (ದೋಷ) ಕಂಡಾಗ ಕರೆಂಟ್ ಕಡಿಯುವ ಸ್ವಿಚ್‌ಗೆ, ಅಂದರೆ ಬ್ರೇಕರ್‌ಗೆ, ತೆರೆಯಲು ಹೇಳುವ ಪ್ರೊಟೆಕ್ಷನ್ ರಿಲೇಗೆ ಓವರ್‌ಕರೆಂಟ್ ಸೆಟ್ಟಿಂಗ್ ಹಾಕಿದರೆ ಕೆಲಸ ಮುಗೀತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬ್ರೇಕರ್ ಸರಿ ಇದೆಯೇ ಅಂತ ರಿಲೇ ಕೊಡುವ ಅಲಾರಂಗಳ ಕಡೆ ತಿರುಗಿಯೂ ನೋಡುವುದಿಲ್ಲ. ಬ್ರೇಕರನ್ನು ತೆರೆಸುವ ಟ್ರಿಪ್ ಕಾಯಿಲ್‌ನ ಒಂದೇ ಒಂದು ತಂತಿ ಕಡಿದಿದ್ದರೂ ರಿಲೇ ಎಷ್ಟು ಬಡಿದುಕೊಂಡರೂ ಬ್ರೇಕರ್ ತೆರೆಯುವುದಿಲ್ಲ, ಅದನ್ನು ಫಾಲ್ಟ್ ಬರುವ ಮೊದಲೇ ಹೇಳುವುದು ಟ್ರಿಪ್ ಸರ್ಕ್ಯೂಟ್ ಸೂಪರ್‌ವಿಷನ್, ಅದನ್ನೇ ಆಫ್ ಇಟ್ಟರೆ ಹೇಗೆ? ಇನ್ನು ಬ್ರೇಕರ್ ಒಳಗೆ ಕರೆಂಟ್ ಕೂಡಿಸಿ ಕಡಿಯುವ ಕಾಂಟ್ಯಾಕ್ಟ್‌ಗಳ ಸವೆತದ ಅಲಾರಂ. ಎಷ್ಟು ಸಲ ತೆರೆಯಿತು ಅನ್ನುವುದಕ್ಕಿಂತ ಎಷ್ಟು ಕರೆಂಟ್ ಕಡಿಯಿತು ಅನ್ನುವ ಲೆಕ್ಕ ಮುಖ್ಯ ಅಲ್ವಾ? ಮಿತಿಯನ್ನು ಬ್ರೇಕರ್ ತಯಾರಕರ ಪಟ್ಟಿ ನೋಡಿ ಹಾಕಿ, ಸುಮ್ನೆ ಡೀಫಾಲ್ಟ್ ಬಿಡಬೇಡಿ.

ಇನ್ನೊಂದು ಮಾತು: ರಿಲೇ ಆಗಾಗ ಲೋಡ್ ಅಳೆದು ದಾಖಲಿಸುವ ಲೋಡ್ ರೆಕಾರ್ಡಿಂಗನ್ನು 15 ನಿಮಿಷದ ಬದಲು 5 ನಿಮಿಷಕ್ಕೊಮ್ಮೆ ಇಟ್ಟರೆ ಮೆಮೊರಿ 3 ಪಟ್ಟು ಬೇಗ ತುಂಬಿ ಹಳೇ ದಾಖಲೆ ಅಳಿಸಿ ಹೋಗುತ್ತದೆ. ವಿದ್ಯುತ್ ಹಂಚುವ ಮಾಮೂಲಿ ಫೀಡರ್‌ಗೆ 15 ಸಾಕು. ರಿಲೇ ಗಡಿಯಾರವನ್ನೂ ಒಮ್ಮೆ ನೋಡಿ, ಅದು ತಪ್ಪಿದ್ದರೆ ದಾಖಲೆಯ ಸಮಯವೂ ತಪ್ಪು.

– ಒಬ್ಬ ರಿಲೇ ಟೆಸ್ಟಿಂಗ್ ಎಂಜಿನಿಯರ್