ಬೀದಿಯಿಂದ ಕಾಯ್ದೆಯವರೆಗೆ

ಪ್ರೀತಿಯ ಚಿನ್ನು,

ವರ್ಣಭೇದದ ವಿರುದ್ಧ ಅಷ್ಟೊಂದು ಜನ ಬೀದಿಗಿಳಿದರೂ ಸರ್ಕಾರ ಮಿಸುಕಾಡಲಿಲ್ಲ, ಇನ್ನು ಮೆರವಣಿಗೆಗೆ ಹೋಗುವುದಿಲ್ಲ ಎಂದು ಬರೆದಿದ್ದೀಯ. ನಿನ್ನ ಬೇಸರ ನನಗೆ ಗೊತ್ತಾಗುತ್ತದೆ. ಆದರೆ ಲೆಕ್ಕ ಮುಗಿಸುವ ಅವಸರ ಸ್ವಲ್ಪ ಜಾಸ್ತಿಯಾಯಿತು.

ಇಂಗ್ಲೆಂಡಿನ ಬ್ರಿಸ್ಟಲ್ ಕಥೆ ಕೇಳು. ಅಲ್ಲಿನ ಬಸ್ ಕಂಪನಿ ಕಪ್ಪು ಜನರನ್ನು, ಏಷ್ಯಾದವರನ್ನು ಕಂಡಕ್ಟರ್, ಡ್ರೈವರ್ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಕಾರ್ಮಿಕರ ಯೂನಿಯನ್ನಿನವರೂ ಕಂಪನಿಯ ಪರವೇ! 1963ರಲ್ಲಿ ಜನ ಬಸ್ ಹತ್ತುವುದನ್ನೇ ಬಿಟ್ಟರು. ನಾಲ್ಕು ತಿಂಗಳಲ್ಲಿ ಕಂಪನಿ ಮಣಿಯಿತು. ಸೆಪ್ಟೆಂಬರಿನಲ್ಲಿ ರಘುಬೀರ್ ಸಿಂಗ್ ಎಂಬ ಸಿಖ್ಖರು ಕಂಡಕ್ಟರ್ ಆದರು. ಆಗ ವಿರೋಧ ಪಕ್ಷದಲ್ಲಿದ್ದ ಹೆರಾಲ್ಡ್ ವಿಲ್ಸನ್ ಬಹಿಷ್ಕಾರವನ್ನು ಬೆಂಬಲಿಸಿದ್ದರು. ಮರುವರ್ಷ ಅವರೇ ಪ್ರಧಾನಿಯಾದರು.

1965ರಲ್ಲಿ ಬ್ರಿಟನ್ನಿನಲ್ಲಿ ವರ್ಣಭೇದದ ವಿರುದ್ಧ ಕಾಯ್ದೆ ಬಂತು. ತಮಾಷೆ ನೋಡು, ಜಗಳ ನಡೆದಿದ್ದು ಕೆಲಸಕ್ಕಾಗಿ, ಕಾಯ್ದೆಯಲ್ಲಿ ಕೆಲಸದ ಮಾತೇ ಇಲ್ಲ! ಹೋಟೆಲ್, ಬಸ್ಸಿನಂಥ ಸಾರ್ವಜನಿಕ ಜಾಗಗಳಲ್ಲಿ ಭೇದ ಮಾಡಬಾರದು ಎಂದಿತು, ಮುಖ್ಯವಾಗಿ ಅಷ್ಟೇ. ಕೆಲಸ ಮತ್ತು ಮನೆ ಸೇರಿದ್ದು 1968ರಲ್ಲಿ. ನೇರವಾಗಿ ಹೆಸರಿಸದೆ, ನಿಯಮದ ಮರೆಯಲ್ಲಿ ಮಾಡುವ ಭೇದವನ್ನು ಹಿಡಿಯಲು 1976 ಬರಬೇಕಾಯಿತು. ಪೊಲೀಸರ ಮೇಲೂ ಇದೇ ಕಾನೂನು ಸರಿಯಾಗಿ ಬಿದ್ದಿದ್ದು 2000ದಲ್ಲಿ, ಅದೂ ಪೊಲೀಸರು ಸರಿಯಾಗಿ ತನಿಖೆ ಮಾಡದ, ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನ ಕೊಲೆಗೆ ನ್ಯಾಯ ಕೇಳಿ ಅವನ ಮನೆಯವರು ವರ್ಷಗಟ್ಟಲೆ ಬಡಿದಾಡಿದ ಮೇಲೆ. ಸರ್ಕಾರಗಳು ಕೊಡುವುದೇ ಹೀಗೆ, ಕೇಳಿದ್ದರಲ್ಲಿ ಒಂದು ಚೂರು ಮುರಿದು ಕೈಗಿಡುತ್ತವೆ. ಉಳಿದದ್ದಕ್ಕೆ ಮತ್ತೆ ಬಾಗಿಲು ತಟ್ಟಬೇಕು.

ಸಿಕ್ಕಿದ್ದೂ ಕೈಜಾರುತ್ತದೆ. ಅಮೆರಿಕದ ಸೆಲ್ಮಾ ಎಂಬ ಊರಿನಲ್ಲಿ ಕಪ್ಪು ಜನರ ಮತದ ಹಕ್ಕಿಗಾಗಿ ಹೊರಟ ಮೆರವಣಿಗೆಯವರ ಮೇಲೆ ಪೊಲೀಸರು ಲಾಠಿ ಬೀಸಿದ್ದು 1965ರ ಮಾರ್ಚಿನಲ್ಲಿ, ಮತದಾನದ ಹಕ್ಕಿನ ಕಾಯ್ದೆಗೆ ಸಹಿ ಬಿದ್ದಿದ್ದು ಆಗಸ್ಟ್‌ನಲ್ಲಿ. ಭೇದದ ಚರಿತ್ರೆಯಿದ್ದ ರಾಜ್ಯಗಳು ಚುನಾವಣೆ ನಿಯಮ ಬದಲಿಸಲು ಕೇಂದ್ರ ಸರ್ಕಾರದ ಅಥವಾ ಕೋರ್ಟಿನ ಒಪ್ಪಿಗೆಯನ್ನು ಮೊದಲೇ ಪಡೆಯಬೇಕಿತ್ತು. ಆ ಕಾಯ್ದೆಯ ದೊಡ್ಡ ಬಲ ಇದ್ದಿದ್ದು ಅಲ್ಲೇ. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಈ ಒಪ್ಪಿಗೆಯ ನಿಯಮ ನಿಂತುಹೋಯಿತು.

ಹಾಗಾಗಿ ಮೆರವಣಿಗೆಗೆ ಹೋಗು, ಆದರೆ ಸುಮ್ನೆ ಕೂಗಿ ಬರಬೇಡ. ಯಾವ ನಿಯಮ ಬದಲಾಗಬೇಕು, ಯಾರ ಸಹಿ ಬೇಕು, ದೂರು ಯಾರು ಕೇಳುತ್ತಾರೆ ಎಂದು ಮೊದಲೇ ತಿಳಿದುಕೊಂಡಿರು. ಮಸೂದೆ ಬಂದಾಗ ಅದರಲ್ಲಿ ಏನು ಬಿಟ್ಟಿದ್ದಾರೆ ಎನ್ನುವುದನ್ನು ಓದು. ಬೋರ್ ಹೊಡೆಸುವ ಕೆಲಸ, ಗೊತ್ತು. ನಿನಗೆ ಓದುವ ಚಟವಂತೂ ಇದೆಯಲ್ವಾ? ನಿಮ್ಮ ಗುಂಪಿನ ಬೇಡಿಕೆಪಟ್ಟಿ ನನಗೂ ಕಳಿಸು, ಕೆಂಪು ಪೆನ್ನು ಹಿಡಿದು ಕೂರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ