ಪುಟ್ಟಿಯ ಗಿನಿಪಿಗ್‌ಗಳಿಗೆ ಚುರುಮುರಿ ಬೇಡ

ಜ್ಯೂರಿಕ್

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರಗಳು.

ನಾನು ಇಲ್ಲಿ ಆರಾಮ. ಅವ್ವ, ಮಾಮಾ, ನೀನು ಎಲ್ಲರೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ.

ಪುಟ್ಟಿ ಕಳಿಸಿದ ವಿಡಿಯೊ ನೋಡಿದೆ. ಎರಡೂ ಗಿನಿಪಿಗ್ ಮುದ್ದಾಗಿವೆ. ಆದರೆ ಅವುಗಳ ಮುಂದಿನ ತಾಟಿನಲ್ಲಿ ಚುರುಮುರಿ, ರೊಟ್ಟಿ ಚೂರು, ಬಿಸ್ಕೀಟು ಕಂಡವು. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅಂದು ಮರೆತುಬಿಡುತ್ತೀಯ. ಇದನ್ನು ಫ್ರಿಜ್ಜಿಗೆ ಅಂಟಿಸು. ನಮ್ಮ ಮನೆ ಮಾಲಕರ ಹತ್ತಿರವೂ ಗಿನಿಪಿಗ್ ಇವೆ. ಅವರು ಊರಿಗೆ ಹೋದಾಗೆಲ್ಲ ನೋಡಿಕೊಳ್ಳುವವನು ನಾನೇ.

ಅವುಗಳ ಊಟ ಅಂದರೆ ಹುಲ್ಲು. ಒಣಹುಲ್ಲು ಹಗಲೂ ರಾತ್ರಿ ಮುಂದೆ ಬಿದ್ದಿರಬೇಕು. ಅವುಗಳ ಹಲ್ಲು, ದವಡೆ ಹಲ್ಲು ಸಹ, ಕೊನೆತನಕ ಬೆಳೆಯುತ್ತಲೇ ಇರುತ್ತವೆ. ಹುಲ್ಲು ಅಗಿದು ಅಗಿದೇ ಸವೆಯಬೇಕು. ಹೊಟ್ಟೆಯೂ ಅಷ್ಟೇ, ನಾರು ಹೋಗುತ್ತಿದ್ದರೆ ಮಾತ್ರ ಸರಿ ನಡೆಯುತ್ತದೆ. ಚುರುಮುರಿ ತಿಂದು ಹೊಟ್ಟೆ ತುಂಬಿದರೆ ಹುಲ್ಲು ಯಾರು ತಿನ್ನುತ್ತಾರೆ? ಮಾಮಾನ ಹೊಲದ ಕಡೆ ಕರಕಿ ಬೇಕಾದಷ್ಟಿದೆ ಅಲ್ವಾ, ಕೊಯ್ದು ನೆರಳಿನಲ್ಲಿ ಒಣಗಿಸಿ ತರಲಿ. ಔಷಧಿ ಹೊಡೆದ ಹೊಲದ ಬದುವಿನದು ಬೇಡ. ಬೂಸು ಹಿಡಿದದ್ದೂ ಬೇಡ. ಜೋಳದ ಎಳೆ ಪೈರನ್ನಂತೂ ಮುಟ್ಟಿಸಬೇಡಿ. ಅದರ ವಿಷಕ್ಕೆ ದನಗಳೇ ಸಾಯುತ್ತವೆ, ಮಾಮಾಗೆ ಗೊತ್ತು. ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್ ಮೇವು, ಮರಿಗಳಿಗೆ ನಡೆಯುತ್ತದೆ. ದೊಡ್ಡವಕ್ಕೆ ದಿನಾ ಹಾಕಿದರೆ ಕ್ಯಾಲ್ಸಿಯಂ ಜಾಸ್ತಿಯಾಗಿ ಮೂತ್ರದಲ್ಲಿ ಕಲ್ಲು ಆಗಬಹುದು.

ಎರಡನೆಯದು ವಿಟಮಿನ್ ಸಿ. ನಾಯಿ, ದನ ಎಲ್ಲ ಅದನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ನಮಗೆ ಅದು ಆಗುವುದಿಲ್ಲ, ಗಿನಿಪಿಗ್‌ಗೂ ಆಗುವುದಿಲ್ಲ. ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಸಿಗದಿದ್ದರೆ ಕೂದಲು ಒರಟಾಗುತ್ತದೆ, ಕೀಲು ನೋಯುತ್ತವೆ, ಕುಂಟುತ್ತವೆ, ವಸಡಿನಲ್ಲಿ ರಕ್ತ ಬರುತ್ತದೆ. ದಿನಾ ಒಂದು ತುಂಡು ಡೊಣ್ಣ ಮೆಣಸಿನಕಾಯಿ, ಸ್ವಲ್ಪ ಕೊತ್ತಂಬರಿ ಕೊಟ್ಟರೆ ಸಾಕು. ಖಾರದ ಮೆಣಸಿನಕಾಯಿ ಅಲ್ಲ ಮತ್ತೆ! ನಮ್ಮ ನವಲೂರಿನ ಪೇರಲ ಇದೆಯಲ್ಲ, 100 ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಂಗೂ ಜಾಸ್ತಿ ವಿಟಮಿನ್ ಸಿ ಇರುತ್ತದೆ. ಕಿತ್ತಳೆಯಲ್ಲಿ 50ರ ಆಸುಪಾಸು. ಆದರೂ ಹಣ್ಣು ಸಿಹಿ, ವಾರಕ್ಕೆ ಒಂದೆರಡು ಸಲ ಸಣ್ಣ ಹೋಳು ಸಾಕು. ಅಂಗಡಿಯವರು ನೀರಿಗೆ ಹಾಕುವ ವಿಟಮಿನ್ ಹನಿ ಮಾರುತ್ತಾರೆ. ಅದು ನೀರಿನಲ್ಲಿ ಬೇಗ ಕೆಡುತ್ತದೆ, ದುಡ್ಡು ದಂಡ. ಮೊಲದ ಕಾಳನ್ನೂ ಕೊಡುತ್ತಾರೆ. ಅದರಲ್ಲಿ ವಿಟಮಿನ್ ಸಿ ಹಾಕಿರುವುದಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಆಲೂಗಡ್ಡೆ ಯಾವತ್ತೂ ಬೇಡ. ಪಾಲಕ್ ಅಪರೂಪಕ್ಕೆ.

ಅವು ತಮ್ಮ ಮೆತ್ತನೆಯ ಹಿಕ್ಕೆಯನ್ನು ತಾವೇ ತಿನ್ನುತ್ತವೆ. ಅವ್ವ ನೋಡಿದರೆ ಹೇಸುತ್ತಾಳೆ, ಮೊದಲೇ ಹೇಳಿಡು. ಅದು ರೋಗ ಅಲ್ಲ, ಅವಕ್ಕೆ ಅದು ಬೇಕೇ ಬೇಕು.

ಪಂಜರ ಮೇಲಿನ ಪತ್ರಾಸ್ (ತಗಡು) ಕೋಣೆಯಲ್ಲಿ ಇಟ್ಟ ಹಾಗೆ ಕಾಣಿಸಿತು. ಇವತ್ತೇ ಕೆಳಗೆ ತನ್ನಿ. ಇವು ಆಂಡಿಸ್ ಬೆಟ್ಟದ ಕಡೆಯ ಪ್ರಾಣಿಗಳು. 27 ಡಿಗ್ರಿ ದಾಟಿದರೆ ಸೆಕೆ ತಡೆಯುವುದಿಲ್ಲ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲು ನಿನಗೆ ಗೊತ್ತೇ ಇದೆ. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಟವೆಲ್ ಸುತ್ತಿ ಪಕ್ಕದಲ್ಲಿಟ್ಟರೆ ಅದಕ್ಕೆ ಒರಗಿ ಮಲಗುತ್ತವೆ. ಕೆಳಗೆ ಕಟ್ಟಿಗೆ ಅಡ್ಡೆಯ ಸಣ್ಣ ಹೊಟ್ಟು ಹಾಸಬೇಡಿ, ಧೂಳು ಎದೆಗೆ ಕಟ್ಟುತ್ತದೆ.

ಪುಟ್ಟಿಗೆ ವಾರಕ್ಕೊಮ್ಮೆ ಅಡಿಗೆಮನೆಯ ತಕ್ಕಡಿಯಲ್ಲಿ ತೂಕ ಮಾಡಲು ಹೇಳು. ಜಡ್ಡನ್ನು ಅವು ತೋರಿಸಿಕೊಳ್ಳುವುದಿಲ್ಲ, ತೂಕ ಮೊದಲೇ ಹೇಳಿಬಿಡುತ್ತದೆ. ಅರ್ಧ ದಿನ ಏನೂ ತಿನ್ನಲಿಲ್ಲ, ಹಿಕ್ಕೆ ಹಾಕಲಿಲ್ಲ ಅಂದರೆ ನಾಳೆ ನೋಡೋಣ ಅನ್ನಬೇಡಿ. ಅವತ್ತೇ ಡಾಕ್ಟರ ಹತ್ತಿರ ಹೋಗಿ. ದನ, ನಾಯಿ ನೋಡುವ ಎಲ್ಲರಿಗೂ ಇವುಗಳ ರೂಢಿ ಇರುವುದಿಲ್ಲ. ಯಾರು ನೋಡುತ್ತಾರೆ ಅಂತ ಈಗಲೇ ಫೋನ್ ಮಾಡಿ ಕೇಳಿಡು. ಮಾಮಾನ ಔಷಧಿ ಡಬ್ಬಿಯ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಅಂತೂ ಕೊಡಬೇಡಿ. ಅದು ಅವುಗಳ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು ಜೀವಕ್ಕೇ ಬರುತ್ತದೆ.

ಒಂದನ್ನು ಪಕ್ಕದ ಮನೆಗೆ ಕೊಟ್ಟುಬಿಡೋಣ ಅಂತ ಅವ್ವ ಅಂದಳಂತೆ. ಬೇಡ. ಒಂಟಿಯಾದರೆ ಕೊರಗುತ್ತವೆ. ಇಲ್ಲಿ ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಗಿನಿಪಿಗ್ ಒಂದನ್ನೇ ಸಾಕುವ ಹಾಗಿಲ್ಲ, ಕಾನೂನೇ ಇದೆ. ಎರಡೂ ಹೆಣ್ಣು ಅಂತ ಅಂಗಡಿಯವನು ಹೇಳಿದ್ದನ್ನು ಸುಮ್ನೆ ನಂಬಬೇಡ, ಡಾಕ್ಟರಿಗೆ ತೋರಿಸು. ಒಂದು ಗಂಡಾಗಿದ್ದರೆ ಎರಡೇ ತಿಂಗಳಲ್ಲಿ ಮರಿ. ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತವೆ, ಮೈತುಂಬ ಕೂದಲು. ಪುಟ್ಟಿ ಕುಣಿದಾಡುತ್ತಾಳೆ, ಸಾಕುವವಳು ನೀನು.

ಭಾನುವಾರದ ತೂಕ ವಾಟ್ಸಾಪಿನಲ್ಲಿ ಕಳಿಸಲಿ. ಈ ಕಡೆ ಯಾರಾದರೂ ಬರುವವರಿದ್ದರೆ ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಕೊಟ್ಟು ಕಳಿಸು. ಅದು ನನಗೆ.

ನಿನ್ನ ತಮ್ಮ