ಭಾನುವಾರ ಸಭೆ: ಕೀಲಿನ ಊತದ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಮಕ್ಕಳ ಪೋಷಕರ ಸಭೆ ಇದೆ. ಜಾಗ ಕಳೆದ ಸಲದ್ದೇ. ಮೊಣಕಾಲು, ಮೊಣಕೈ, ಪಾದದ ಕೀಲಿನಲ್ಲಿ ಪದೇ ಪದೇ ರಕ್ತ ಸೋರುವ ಮಕ್ಕಳ ಮನೆಯವರು ದಯವಿಟ್ಟು ತಪ್ಪಿಸಬೇಡಿ.

ನನ್ನ ಮಗನ ಎಡ ಮೊಣಕಾಲಿನ ಊತ ನಾಲ್ಕು ದಿನಕ್ಕೆ ಇಳಿಯಿತು, ಸರಿಹೋಯ್ತು ಅಂದುಕೊಂಡೆ. ಆದರೆ ಬೆಳಿಗ್ಗೆ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ. ಕೀಲಿನೊಳಗೆ ಉಳಿದ ರಕ್ತದ ಕಬ್ಬಿಣದ ಅಂಶ ಒಳಪೊರೆಯನ್ನು ಕೆರಳಿಸುತ್ತದೆ. ಪೊರೆ ಊದಿಕೊಂಡು ಅಲ್ಲಿ ಹೊಸ, ನಾಜೂಕಾದ ರಕ್ತನಾಳ ಬೆಳೆಯುತ್ತವೆ. ಅವು ಸುಲಭವಾಗಿ ಒಡೆದು ಮತ್ತೆ ರಕ್ತ ಸೋರುತ್ತದೆ. ಅದಕ್ಕೇ ನೋವು ಹೋದ ಮೇಲೂ ಕೀಲನ್ನು ತೋರಿಸಬೇಕು.

ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಿಸುವ ಇಂಜೆಕ್ಷನ್) ಹಾಕಿಸಿದ ದಿನಾಂಕ ಬರೆದ ಪುಸ್ತಕ, ಇನ್‌ಹಿಬಿಟರ್ (ಫ್ಯಾಕ್ಟರ್ ಕೆಲಸ ಮಾಡದಂತೆ ದೇಹ ತಡೆಯುತ್ತಿದೆಯೇ ಎಂದು ನೋಡುವ) ಟೆಸ್ಟ್ ರಿಪೋರ್ಟ್ ತನ್ನಿ. ಮಗುವಿಗೆ ಚಡ್ಡಿ ಹಾಕಿ, ಫಿಸಿಯೋಥೆರಪಿಸ್ಟ್ ಮೊಣಕಾಲು ನೋಡುತ್ತಾರೆ. ಮನೆಯಲ್ಲಿರುವ ಜ್ವರದ ಸಿರಪ್ ಬಾಟಲಿಯನ್ನೂ ತನ್ನಿ. ಕೆಲವದರಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಇರುತ್ತದೆ, ಅದು ನಮ್ಮ ಮಕ್ಕಳಿಗೆ ಬೇಡ. ಆಸ್ಪಿರಿನ್ ಕೂಡ ಬೇಡ.

ಜೀನ್ ಥೆರಪಿ (ದೇಹವೇ ಫ್ಯಾಕ್ಟರ್ ತಯಾರಿಸುವಂತೆ ಸರಿಯಾದ ಜೀನ್ ಸೇರಿಸುವ ಚಿಕಿತ್ಸೆ) ಬಗ್ಗೆ ತುಂಬಾ ಜನ ಕೇಳಿದ್ದೀರಿ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ತೀವ್ರ ಹಿಮೋಫಿಲಿಯಾ ಎ (ಫ್ಯಾಕ್ಟರ್ 8 ಕೊರತೆಯ ಬಗೆ) ಇದ್ದ 5 ಜನರ ಫಲಿತಾಂಶ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಗಿದೆ. ಒಳ್ಳೆಯ ಸುದ್ದಿಯೇ, ಆದರೆ ಇನ್ನೂ ಸಂಶೋಧನೆಯ ಹಂತ. ಅದನ್ನು ನಂಬಿ ಈಗಿನ ಫ್ಯಾಕ್ಟರ್ ನಿಲ್ಲಿಸಬೇಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಮಗುವಿನ ವಯಸ್ಸು, ಯಾವ ಕೀಲು ಅಂತ ಬರೆಯಿರಿ. ಈಗಲೇ ಊತ ಇದ್ದರೆ ಭಾನುವಾರಕ್ಕೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.